ಸ್ಕ್ಯಾನಿನಲ್ಲಿ ಬಣ್ಣ ಬರದ ಜಾಗದಲ್ಲಿ ಮೆದುಳು ಕೆಲಸ ಮಾಡುತ್ತಿಲ್ಲವೇ?

ಪ್ರಶ್ನೆ: ನನ್ನ ತಮ್ಮನಿಗೆ ಮೆದುಳಿನ ಎಡಭಾಗದಲ್ಲಿ ಗಡ್ಡೆ ಇದೆ. ಆಪರೇಷನ್ನಿಗೆ ಮೊದಲು ಮಾತಿನ ಜಾಗ ಎಲ್ಲಿದೆ ಎಂದು ತಿಳಿಯಲು ಫಂಕ್ಷನಲ್ ಎಂಆರ್‌ಐ ಮಾಡಿಸಬೇಕು ಎಂದು ಮುಂಬಯಿಯ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ‘ಇದು ಮೆದುಳಿನ ಕೆಲಸವನ್ನಲ್ಲ, ರಕ್ತವನ್ನು ನೋಡುತ್ತದೆ’ ಎಂದರು ಅಲ್ಲಿನ ಟೆಕ್ನಿಷಿಯನ್. ರಕ್ತ ನೋಡಿ ಮಾತಿನ ಜಾಗ ಹೇಗೆ ಗೊತ್ತಾಗುತ್ತದೆ? ಗಡ್ಡೆಯ ಪಕ್ಕ ಬಣ್ಣ ಬರದಿದ್ದರೆ ಅಲ್ಲಿ ಧೈರ್ಯವಾಗಿ ಕೊಯ್ಯಬಹುದು ಎಂದರ್ಥವೇ? ನಮ್ಮ ಮನೆಮಾತು ತುಳು. ತಮ್ಮ ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಹೆಂಡತಿ ಮಕ್ಕಳೊಂದಿಗೆ ಮರಾಠಿ, ಆಫೀಸಿನಲ್ಲಿ ಹಿಂದಿ, ಇಂಗ್ಲಿಷ್. ಪರೀಕ್ಷೆ ಯಾವ ಭಾಷೆಯಲ್ಲಿ ಆಗಬೇಕು? ಈ ಯಂತ್ರ ಮನಸ್ಸಿನಲ್ಲಿರುವುದನ್ನೆಲ್ಲ ಓದುತ್ತದೆ, ಪುಣೆಯ ಕೇಸೊಂದರಲ್ಲಿ ಹಾಗೇ ಮಾಡಿದ್ದರು ಎಂದು ಯಾರೋ ಹೇಳಿ ಅವನನ್ನು ಹೆದರಿಸಿಯೂ ಇಟ್ಟಿದ್ದಾರೆ. — ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಉಳಿದವು ಕಾಯಬಹುದು. ಬಣ್ಣ ಬರಲಿಲ್ಲ ಎಂದಮಾತ್ರಕ್ಕೆ ಆ ಜಾಗ ಸುಮ್ಮನೆ ಕೂತಿದೆ ಎಂದಲ್ಲ. ಗಡ್ಡೆಯ ಪಕ್ಕದಲ್ಲಂತೂ ಹಾಗೆ ಅಂದುಕೊಳ್ಳಲೇಬಾರದು. ನಿಮ್ಮ ತಮ್ಮನ ಸರ್ಜನ್‌ಗೆ ಇದು ಗೊತ್ತಿರುತ್ತದೆ. ಆದರೆ ಆ ಚಿತ್ರ ಮನೆಯವರ ಕೈಗೂ ಬರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಊರಿನವರೆಗೂ ಹೋಗುತ್ತದೆ, ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚುತ್ತಾರೆ. ಹಾಗಾಗಿ ಆ ಬಣ್ಣ ಎಲ್ಲಿಂದ ಬರುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಟೆಕ್ನಿಷಿಯನ್ ಹೇಳಿದ್ದು ಸರಿ. ನರಕೋಶಗಳ ವ್ಯವಹಾರವೆಲ್ಲ ವಿದ್ಯುತ್ತಿನಲ್ಲಿ ಮತ್ತು ರಾಸಾಯನಿಕಗಳಲ್ಲಿ ನಡೆಯುತ್ತದೆ, ಅದೂ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಈ ಪರೀಕ್ಷೆಯಲ್ಲಿ ಅದಾವುದೂ ನೇರವಾಗಿ ಕಾಣುವುದಿಲ್ಲ. ಕಾಣುವುದು ಆ ಕೆಲಸದ ಬೆನ್ನಿಗೆ ಅಕ್ಕಪಕ್ಕದ ರಕ್ತದಲ್ಲಿ ಆಗುವ ಬದಲಾವಣೆ ಮಾತ್ರ. ಹಾಗಿದ್ದರೂ ಇದು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಮೆದುಳು ತನಗೆ ಬೇಕಾದ್ದನ್ನು ಕೂಡಿಟ್ಟುಕೊಳ್ಳುವ ಅಂಗವಲ್ಲ. ದೇಹದ ತೂಕದಲ್ಲಿ ಅದರ ಪಾಲು ಸುಮಾರು ಶೇ. 2, ನಾವು ಸುಮ್ಮನೆ ಕೂತಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಸುಮಾರು ಶೇ. 20. ಪ್ರತಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತಲೇ ಇರಬೇಕು. ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ.

ಕೆಲಸ ಹೆಚ್ಚಿದ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ ಎಂಬುದು ಹಳೆಯ ವಿಚಾರ. 1890ರಲ್ಲೇ ರಾಯ್ ಮತ್ತು ಶೆರಿಂಗ್ಟನ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು, ಮೆದುಳು ತನ್ನ ರಕ್ತಪೂರೈಕೆಯನ್ನು ಕೆಲಸಕ್ಕೆ ತಕ್ಕಂತೆ ತಾನೇ ಹೊಂದಿಸಿಕೊಳ್ಳುತ್ತದೆ ಎಂದು ಬರೆದಿದ್ದರು. ನನಗೆ ಇಷ್ಟವಾದ ಪ್ರಕರಣ 1928ರದ್ದು. ಅಮೆರಿಕದ ಜಾನ್ ಫುಲ್ಟನ್ ದಾಖಲಿಸಿದ ಆ ರೋಗಿಗೆ ತಲೆಯ ಹಿಂಭಾಗದಲ್ಲಿ, ದೃಷ್ಟಿಗೆ ಸಂಬಂಧಿಸಿದ ಭಾಗದಲ್ಲಿ, ರಕ್ತನಾಳಗಳ ಗಂಟು ಇತ್ತು. ರಕ್ತ ನುಗ್ಗುವ ಸದ್ದು ಅವನಿಗೇ ಕೇಳುತ್ತಿತ್ತು, ವೈದ್ಯರಿಗೂ ಹೊರಗಿನಿಂದ ಕೇಳುತ್ತಿತ್ತು. ಅವನು ಓದಲು ಶುರುಮಾಡಿದರೆ ಆ ಸದ್ದು ಜೋರಾಗುತ್ತಿತ್ತು. ಏನಾದರೂ ಮೂಸಿ ನೋಡಿದರೆ ಆಗುತ್ತಿರಲಿಲ್ಲ. ಸ್ಕ್ಯಾನರ್ ಎಂಬುದು ಹುಟ್ಟುವುದಕ್ಕೆ ಎಷ್ಟೋ ಮೊದಲು, ಕಿವಿಯಿಂದಲೇ ಕೇಳಿದ ಫಂಕ್ಷನಲ್ ಇಮೇಜಿಂಗ್ ಅದು.

ಯಾವ ಜಾಗಕ್ಕೆ ರಕ್ತ ಹೆಚ್ಚಬೇಕು ಎಂದು ನಾಳಕ್ಕೆ ಹೇಳುವವರು ಯಾರು? ಆಮ್ಲಜನಕ ಖರ್ಚಾಗಿ ಹೋದ ಮೇಲೆ ಕೊರತೆ ಕಂಡು ರಕ್ತ ಓಡಿಬರುತ್ತದೆ ಎಂದು ಬಹಳ ಕಾಲ ನಂಬಿದ್ದರು. ಈಗ ತಿಳಿದಿರುವುದು ಬೇರೆ. ನರಕೋಶಗಳು ಗ್ಲುಟಮೇಟ್ ಬಿಟ್ಟು ಸಂದೇಶ ಸಾಗಿಸುವಾಗಲೇ, ಅದೇ ಗ್ಲುಟಮೇಟ್‌ನ ಪ್ರಭಾವದಿಂದ ಕೆಲವು ನರಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ನರಕೋಶಗಳ ಮಧ್ಯೆ ಕವಲು ಚಾಚಿಕೊಂಡಿರುವ ಆಸ್ಟ್ರೋಸೈಟ್ ಎಂಬ ಕೋಶಗಳ ಪಾದಗಳು ರಕ್ತನಾಳಗಳನ್ನು ಸುತ್ತಿಕೊಂಡಿರುತ್ತವೆ. ಅವೂ ಪ್ರೊಸ್ಟಗ್ಲಾಂಡಿನ್‌ನಂಥ ವಸ್ತುಗಳನ್ನು ಬಿಡುತ್ತವೆ. ನಾಳದ ಗೋಡೆಯ ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ, ರಕ್ತ ನುಗ್ಗುತ್ತದೆ. ಕೊರತೆ ಬೀಳುವವರೆಗೆ ಯಾರೂ ಕಾಯುವುದಿಲ್ಲ. ಕೆಲಸ ಶುರುವಾಯಿತು ಎಂಬ ಸುಳಿವೇ ಸಾಕು.

ಇನ್ನು ಮುಂದಿನದು ಮೊದಲ ಸಲ ಕೇಳಿದವರಿಗೆ ತಲೆಕೆಳಗು ಅನಿಸುತ್ತದೆ. ಕೆಲಸ ಮಾಡಿದ ಜಾಗದಲ್ಲಿ ಆಮ್ಲಜನಕ ಖರ್ಚಾಗುತ್ತದೆ, ಹಾಗಾಗಿ ಅಲ್ಲಿನ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಬೇಕು ತಾನೇ? ಆಗುವುದು ಅದರ ವಿರುದ್ಧ. 1986ರಲ್ಲಿ ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೇಕ್ಲ್ ಪೆಟ್ ಸ್ಕ್ಯಾನ್ ಬಳಸಿ ಅಳೆದರು. ಬೆರಳುಗಳಿಗೆ ಕಂಪನ ಕೊಟ್ಟಾಗ ಮೆದುಳಿನ ಸ್ಪರ್ಶದ ಭಾಗದಲ್ಲಿ ರಕ್ತದ ಹರಿವು ಸರಾಸರಿ ಶೇ. 29 ಏರಿತು, ಆಮ್ಲಜನಕದ ಬಳಕೆ ಏರಿದ್ದು ಶೇ. 5 ಮಾತ್ರ. ಮದುವೆಮನೆಯ ಪಂಕ್ತಿಯಲ್ಲಿ ಒಬ್ಬರು ‘ಸಾರು’ ಎಂದು ಕೈ ಎತ್ತಿದರೆ ಬಡಿಸುವವರು ಒಂದು ಸೌಟು ಹಿಡಿದು ಬರುವುದಿಲ್ಲ, ಬಕೆಟ್ಟೇ ಬರುತ್ತದೆ, ಕೇಳದ ಅಕ್ಕಪಕ್ಕದವರ ಎಲೆಗೂ ಬೀಳುತ್ತದೆ. ಅದೂ ಕೂಗಿದ ತಕ್ಷಣ ಅಲ್ಲ, ಸ್ವಲ್ಪ ತಡವಾಗಿ. ಮೆದುಳಿನದ್ದೂ ಹೀಗೇ: ಬೇಕಾದ್ದಕ್ಕಿಂತ ಹೆಚ್ಚು, ಬೇಕಾದಲ್ಲಿಗಿಂತ ಅಗಲಕ್ಕೆ, ಬೇಕಾದ ಹೊತ್ತಿಗಿಂತ ನಂತರ. ಇಷ್ಟೊಂದು ಧಾರಾಳ ಯಾಕೆ ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ವಾದ ನಡೆಯುತ್ತಿದೆ. ಸ್ಕ್ಯಾನ್ ಮಾಡುವ ನಮಗಂತೂ ಆ ಧಾರಾಳವೇ ಅನ್ನ.

ಹೇಗೆ ಎನ್ನುತ್ತೀರಾ? ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇದೆ. ಅದು ಆಮ್ಲಜನಕ ಹೊತ್ತಿದ್ದಾಗ ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಸ್ಪಂದಿಸುವುದಿಲ್ಲ, ಇಳಿಸಿದ ಮೇಲೆ ಸ್ಪಂದಿಸುತ್ತದೆ. 1936ರಲ್ಲಿ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇದನ್ನು ತೋರಿಸಿದ್ದರು. ಆಗ ಅದು ರಸಾಯನಶಾಸ್ತ್ರದ ವಿಷಯ, ಮೆದುಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಎಂಆರ್‌ಐ ಯಂತ್ರವೋ ಒಂದು ದೊಡ್ಡ ಅಯಸ್ಕಾಂತ: 3 ಟೆಸ್ಲಾ ಯಂತ್ರ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 60,000 ಪಟ್ಟು ಬಲದ ಕ್ಷೇತ್ರ. ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್ ಆ ಕ್ಷೇತ್ರವನ್ನು ತನ್ನ ಸುತ್ತ ಸ್ವಲ್ಪ ಕೆಡಿಸುತ್ತದೆ, ಅಲ್ಲಿಂದ ಬರುವ ಸಿಗ್ನಲ್ ಮಂಕಾಗುತ್ತದೆ. ಹೊಸ ರಕ್ತ ನುಗ್ಗಿ ಆ ಹಿಮೋಗ್ಲೋಬಿನ್ ತೊಳೆದುಹೋದಾಗ ಸಿಗ್ನಲ್ ಸ್ವಲ್ಪ ಏರುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಸೇಜಿ ಒಗಾವಾ ಇಲಿಗಳ ಉಸಿರಿನ ಗಾಳಿಯನ್ನು ಬದಲಿಸುತ್ತ ಮೆದುಳಿನ ಚಿತ್ರದಲ್ಲಿ ರಕ್ತನಾಳಗಳ ಕಪ್ಪು ಗೆರೆಗಳು ಮೂಡುವುದನ್ನೂ ಮಾಯವಾಗುವುದನ್ನೂ ಕಂಡು, 1990ರಲ್ಲಿ ಈ ಸಿಗ್ನಲ್‌ಗೆ ‘ಬೋಲ್ಡ್’ (‘ರಕ್ತದ ಆಮ್ಲಜನಕದ ಮಟ್ಟವನ್ನು ಅವಲಂಬಿಸಿದ್ದು’ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂದು ಹೆಸರಿಟ್ಟರು. 1992ರಲ್ಲಿ ಮನುಷ್ಯರಲ್ಲೂ ಇದು ಸಾಧ್ಯ ಎಂದು ಬೇರೆ ಬೇರೆ ತಂಡಗಳು ತೋರಿಸಿದವು. ಇಂಜೆಕ್ಷನ್ ಬೇಡ, ಎಕ್ಸ್‌ರೇ ಥರದ ವಿಕಿರಣ ಇಲ್ಲ. ರಕ್ತದಲ್ಲಿರುವ ಕಬ್ಬಿಣವೇ ಸುದ್ದಿ ಕೊಡುತ್ತದೆ. (ಗಡ್ಡೆಯ ಎಂಆರ್‌ಐಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದುಂಟು, ಅದು ಬೇರೆ ಉದ್ದೇಶಕ್ಕೆ.)

ಈಗ ನಿಮ್ಮ ತಮ್ಮ ಒಳಗೆ ಮಲಗಿದ ಮೇಲೆ ಏನಾಗುತ್ತದೆ ನೋಡೋಣ. ತಲೆಯ ಸುತ್ತ ಪಂಜರದಂಥ ಕಾಯಿಲ್, ಅದರ ಮೇಲೆ ಓರೆಯಾಗಿ ಕೂರಿಸಿದ ಪುಟ್ಟ ಕನ್ನಡಿ. ಕನ್ನಡಿಯಲ್ಲಿ ಸುರಂಗದ ಆಚೆಯ ಪರದೆ ಕಾಣುತ್ತದೆ. ಪರದೆಯ ಮೇಲೆ ಒಂದು ಚಾಕುವಿನ ಚಿತ್ರ ಬಂತು ಅನ್ನಿ. ಅದರಿಂದ ಏನೇನು ಮಾಡುತ್ತೇವೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು: ಹೆಚ್ಚು, ಕತ್ತರಿಸು, ಸಿಪ್ಪೆ ತೆಗೆ. ಬಾಯಿ ಬಿಡುವಂತಿಲ್ಲ, ದವಡೆ ಅಲ್ಲಾಡಿದರೆ ತಲೆ ಅಲ್ಲಾಡುತ್ತದೆ, ಚಿತ್ರ ಕೆಡುತ್ತದೆ. ಸುಮಾರು ಅರ್ಧ ನಿಮಿಷ ಹೀಗೆ ಚಿತ್ರಗಳು, ಆಮೇಲೆ ಅರ್ಧ ನಿಮಿಷ ಬರೀ ಒಂದು ಕೂಡಿಸುವ ಚಿಹ್ನೆ, ಅದನ್ನು ನೋಡುತ್ತ ಸುಮ್ಮನಿರಬೇಕು. ಮತ್ತೆ ಚಿತ್ರಗಳು. ಇದು ನಾಲ್ಕೈದು ನಿಮಿಷ ನಡೆಯುತ್ತದೆ. ಅಷ್ಟೂ ಹೊತ್ತು ಯಂತ್ರ ಕಟಕಟ ಗುಟ್ಟುತ್ತ ಎರಡು ಮೂರು ಸೆಕೆಂಡಿಗೊಮ್ಮೆ ಇಡೀ ಮೆದುಳಿನ ಒಂದು ಚಿತ್ರ ತೆಗೆಯುತ್ತದೆ.

ಚಾಕು ಕಂಡ ಕ್ಷಣ ನರಕೋಶಗಳು ಕೆಲಸಕ್ಕಿಳಿಯುತ್ತವೆ. ರಕ್ತದ ಸಿಗ್ನಲ್ ಏರಲು ಒಂದೆರಡು ಸೆಕೆಂಡ್ ಬೇಕು, ತುದಿ ಮುಟ್ಟಲು ಐದಾರು ಸೆಕೆಂಡ್. ಇಳಿದು, ಮೊದಲಿದ್ದ ಮಟ್ಟಕ್ಕಿಂತಲೂ ಸ್ವಲ್ಪ ಕೆಳಗೆ ಹೋಗಿ, ಸರಿಯಾಗಲು ಇಪ್ಪತ್ತು ಸೆಕೆಂಡಿಗೂ ಮೇಲೆ. ನಾವು ವಿಶ್ಲೇಷಣೆ ಮಾಡುವಾಗ ಈ ತಡವನ್ನು ಲೆಕ್ಕಕ್ಕೆ ಹಿಡಿದೇ ಮಾಡುತ್ತೇವೆ.

ಏರಿಕೆ ಎಷ್ಟು ಗೊತ್ತೇ? 3 ಟೆಸ್ಲಾ ಯಂತ್ರದಲ್ಲೂ ಸಾಮಾನ್ಯವಾಗಿ ಶೇ. 1ರಿಂದ 3. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಮಾತಿನ ಹೊತ್ತಿನ ಚಿತ್ರಗಳನ್ನೂ ಸುಮ್ಮನಿದ್ದ ಹೊತ್ತಿನ ಚಿತ್ರಗಳನ್ನೂ ಕಂಪ್ಯೂಟರ್ ಹೋಲಿಸುತ್ತದೆ. ಮೆದುಳನ್ನು ಎರಡು ಮೂರು ಮಿಲಿಮೀಟರ್ ಬದಿಯ ಸಣ್ಣ ಘನಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ‘ಈ ವ್ಯತ್ಯಾಸ ಆಕಸ್ಮಿಕ ಇರಬಹುದೇ’ ಎಂದು ಲೆಕ್ಕ ಹಾಕುತ್ತದೆ. ಅಂಥ ಒಂದು ಘನದೊಳಗೇ ಲಕ್ಷಗಟ್ಟಲೆ ನರಕೋಶಗಳಿರುತ್ತವೆ, ನೆನಪಿರಲಿ. ಆಕಸ್ಮಿಕ ಅಲ್ಲ ಎನ್ನುವಷ್ಟು ವ್ಯತ್ಯಾಸ ಇದ್ದರೆ ಅದಕ್ಕೆ ಬಣ್ಣ. ಅಂದರೆ ನಿಮ್ಮ ಕೈಗೆ ಬರುವ ಚಿತ್ರದ ಕೆಂಪು ಹಳದಿ ರಕ್ತದ್ದೂ ಅಲ್ಲ, ಮೆದುಳಿನದ್ದೂ ಅಲ್ಲ. ಸಂಖ್ಯಾಶಾಸ್ತ್ರದ ಉತ್ತರಕ್ಕೆ ನಾವು ಬಳಿದ ಬಣ್ಣ. ಎಷ್ಟು ವ್ಯತ್ಯಾಸ ಇದ್ದರೆ ಬಣ್ಣ ಬಳಿಯಬೇಕು ಎಂಬ ಗಡಿಯನ್ನು ಕಂಪ್ಯೂಟರಿನ ಮುಂದೆ ಕೂತವರು ಇಡುತ್ತಾರೆ. ಮೌಸ್ ಹಿಡಿದು ಗಡಿಯನ್ನು ಸ್ವಲ್ಪ ಕೆಳಗೆಳೆದರೆ, ಗಡ್ಡೆಯಿಂದ ಒಂದೂವರೆ ಸೆಂಟಿಮೀಟರ್ ದೂರ ಕಂಡ ಕೆಂಪು ಚುಕ್ಕೆ ಹಿಗ್ಗಿ ಗಡ್ಡೆಯ ಅಂಚಿಗೇ ಬಂದು ತಾಗಬಹುದು. ಮೇಲಕ್ಕೆ ಎಳೆದರೆ ಕರಗಿಯೇ ಹೋಗಬಹುದು. ರೋಗಿ ಅದೇ, ಸ್ಕ್ಯಾನ್ ಅದೇ. ‘ಚುಕ್ಕೆಗೂ ಗಡ್ಡೆಗೂ ಇಷ್ಟು ಮಿಲಿಮೀಟರ್ ಅಂತರ’ ಎಂದು ರಿಪೋರ್ಟಿನಲ್ಲಿ ಒಂದೇ ಅಂಕಿ ಬರೆಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಗಡಿಯನ್ನು ಸಡಿಲ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಂಶೋಧಕರು 2009ರಲ್ಲಿ ಒಂದು ತಮಾಷೆಯ ಪಾಠ ಮಾಡಿದರು. ಅಂಗಡಿಯಿಂದ ತಂದ ಸತ್ತ ಮೀನೊಂದನ್ನು (ನಮ್ಮ ಬಂಗುಡೆಯಲ್ಲ, ಸಾಲ್ಮನ್) ಸ್ಕ್ಯಾನರ್‌ನಲ್ಲಿ ಮಲಗಿಸಿ, ಮನುಷ್ಯರ ಫೋಟೊಗಳನ್ನು ತೋರಿಸಿ, ‘ಇವರ ಮನಸ್ಸಿನಲ್ಲಿ ಏನಿದೆ ಹೇಳು’ ಎಂಬ ಪರೀಕ್ಷೆ ಕೊಟ್ಟರು. ಸಾವಿರಾರು ಘನಗಳಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವಾಗ ಕೆಲವು ಸುಮ್ಮಸುಮ್ಮನೆ ಪಾಸಾಗುತ್ತವೆ. ಅದಕ್ಕೆ ಮಾಡಬೇಕಾದ ತಿದ್ದುಪಡಿಯನ್ನು ಬೇಕೆಂದೇ ಬಿಟ್ಟಾಗ ಮೀನಿನ ಮೆದುಳಿನಲ್ಲೂ ಬಣ್ಣ ಬಂತು. ತಿದ್ದುಪಡಿ ಮಾಡಿದ ಮೇಲೆ ಹೋಯಿತು. 2012ರಲ್ಲಿ ಅವರಿಗೆ ಇಗ್ನೊಬೆಲ್ ಸಿಕ್ಕಿತು.

ಇದೆಲ್ಲ ಇಲ್ಲದ್ದು ಇದೆ ಎಂದು ತೋರುವ ತಪ್ಪು. ಆಪರೇಷನ್ನಿನ ಮಟ್ಟಿಗೆ ನನಗೆ ಹೆಚ್ಚು ಭಯ ಇದ್ದದ್ದು ಇಲ್ಲ ಎಂದು ತೋರುವ ತಪ್ಪಿನದ್ದು. ಮೇಲೆ ಹೇಳಿದ ಸರಪಳಿಯನ್ನು ನೆನೆಯಿರಿ: ನರಕೋಶ ಕೆಲಸ ಮಾಡಬೇಕು, ಸುಳಿವು ನಾಳಕ್ಕೆ ಮುಟ್ಟಬೇಕು, ನಾಳ ಹಿಗ್ಗಬೇಕು, ರಕ್ತ ನುಗ್ಗಬೇಕು. ಗಡ್ಡೆ ಈ ಸರಪಳಿಯ ನಡುವಿನ ಕೊಂಡಿಗಳನ್ನು ಕೆಡಿಸುತ್ತದೆ. ಉಗ್ರ ಸ್ವರೂಪದ ಗಡ್ಡೆಗಳು ಬೆಳೆಸಿಕೊಳ್ಳುವ ಹೊಸ ನಾಳಗಳು ಮಾಮೂಲಿ ನಾಳಗಳಂತೆ ಹಿಗ್ಗುವುದಿಲ್ಲ. ಕೆಲವು ಆಗಲೇ ಪೂರ್ತಿ ಹಿಗ್ಗಿರುತ್ತವೆ, ಇನ್ನೂ ಹಿಗ್ಗಲು ಜಾಗವಿರುವುದಿಲ್ಲ. ಸುತ್ತಲಿನ ಬಾವಿನ ಒತ್ತಡ ಬೇರೆ. ಆಗ ನರಕೋಶಗಳು ಚೆನ್ನಾಗಿಯೇ ಮಾತಾಡುತ್ತಿದ್ದರೂ ರಕ್ತ ಬಾಯಿ ಬಿಡುವುದಿಲ್ಲ, ಬಣ್ಣ ಬರುವುದಿಲ್ಲ. ಫುಲ್ಟನ್ನರ ರೋಗಿಯಲ್ಲಿದ್ದಂಥ ನಾಳಗಳ ಗಂಟಿನ ಸುತ್ತಲೂ ಇದೇ ಸಮಸ್ಯೆ.

ಇದನ್ನು ಪರೀಕ್ಷಿಸಲು ಸುಲಭದ ಒಂದು ದಾರಿ ಇದೆ: ಉಸಿರು ಹಿಡಿಯುವುದು. ಹದಿನೈದು ಇಪ್ಪತ್ತು ಸೆಕೆಂಡ್ ಉಸಿರು ಕಟ್ಟಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಮೆದುಳಿನ ಆರೋಗ್ಯವಂತ ನಾಳಗಳೆಲ್ಲ ಹಿಗ್ಗುತ್ತವೆ. ನರಕೋಶಗಳ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ನಾಳಗಳಿಗೆ ಇಟ್ಟ ಪರೀಕ್ಷೆ. ಗಡ್ಡೆಯ ಪಕ್ಕದ ಜಾಗ ಇದರಲ್ಲೂ ಏಳದಿದ್ದರೆ, ಮಾತಿನ ಪರೀಕ್ಷೆಯಲ್ಲಿ ಅಲ್ಲಿ ಬಣ್ಣ ಬರಲಿಲ್ಲ ಎಂಬುದಕ್ಕೆ ಕಿಲುಬುಕಾಸಿನ ಬೆಲೆಯೂ ಇಲ್ಲ. ಎಲ್ಲ ಕಡೆ ಇದನ್ನು ಮಾಡುವುದಿಲ್ಲ. ‘ಬ್ರೆತ್ ಹೋಲ್ಡ್ ಮಾಡುತ್ತೀರಾ’ ಎಂದು ನೀವು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬಣ್ಣ ಬಂದ ಜಾಗದ ಬಗ್ಗೆಯೂ ಎರಡು ಮಾತು. ಬಣ್ಣ ಬಂದ ಜಾಗವನ್ನೆಲ್ಲ ಮಾತು ನೆಚ್ಚಿಕೊಂಡಿದೆ ಎಂದಲ್ಲ, ಕೆಲವು ಜಾಗಗಳು ಜತೆಗೆ ಇರುತ್ತವೆ ಅಷ್ಟೇ. ತೆಗೆದರೂ ಮಾತು ಉಳಿಯುತ್ತದೆ. 2001ರಲ್ಲಿ ನಿಕೋಸ್ ಲೋಗೊಥೆಟಿಸ್ ಅವರ ತಂಡ ಕೋತಿಗಳಲ್ಲಿ ವಿದ್ಯುತ್ ಸಿಗ್ನಲ್ಲನ್ನೂ ಬೋಲ್ಡ್ ಸಿಗ್ನಲ್ಲನ್ನೂ ಒಟ್ಟಿಗೇ ಅಳೆದು ನೋಡಿತು. ನರಕೋಶಗಳು ಹೊರಗೆ ಕಳಿಸುವ ಸಂದೇಶಕ್ಕಿಂತ, ಒಂದು ಜಾಗಕ್ಕೆ ಬಂದು ಸೇರುವ ಸಂದೇಶ ಮತ್ತು ಅಲ್ಲಲ್ಲೇ ನಡೆಯುವ ಲೆಕ್ಕಾಚಾರದೊಂದಿಗೆ ಬೋಲ್ಡ್ ಹೆಚ್ಚು ಹೊಂದುತ್ತದೆ ಎಂದು ಕಂಡಿತು. ಅಂದರೆ ಒಂದು ಜಾಗಕ್ಕೆ ಸಂದೇಶ ಬಂದು ಸೇರಿದರೂ ಅಲ್ಲಿ ಬಣ್ಣ ಬರಬಹುದು. ಇನ್ನೊಂದು, ಮೆದುಳಿನ ಭಾಗಗಳನ್ನು ಜೋಡಿಸುವ ನರತಂತುಗಳ ಕಟ್ಟುಗಳು ಇದರಲ್ಲಿ ಕಾಣುವುದಿಲ್ಲ. ಅವನ್ನು ಕತ್ತರಿಸಿದರೂ ಮಾತು ಹೋಗುತ್ತದೆ. ಅದಕ್ಕೇ ಜತೆಯಲ್ಲಿ ಡಿಟಿಐ ಎಂಬ ಸ್ಕ್ಯಾನ್ ಮಾಡುತ್ತಾರೆ.

ಹಾಗಾದರೆ ಇದರ ಉಪಯೋಗವೇನು? ಮಾತು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಇದು ಚೆನ್ನಾಗಿ ಹೇಳುತ್ತದೆ. ಬಲಗೈ ಬಳಸುವ ಶೇ. 95ರಷ್ಟು ಜನರಲ್ಲಿ ಅದು ಎಡಕ್ಕೆ, ಎಡಗೈಯವರಲ್ಲಿ ಶೇ. 70ರ ಆಸುಪಾಸು. ಮೊದಲು ಇದನ್ನು ತಿಳಿಯಲು ಕುತ್ತಿಗೆಯ ನಾಳದ ಮೂಲಕ ಔಷಧಿ ಬಿಟ್ಟು ಅರ್ಧ ಮೆದುಳನ್ನು ಕೆಲ ನಿಮಿಷ ಮಲಗಿಸುವ ವಾಡಾ ಪರೀಕ್ಷೆ ಮಾಡಬೇಕಿತ್ತು. ತಲೆಬುರುಡೆಯನ್ನು ಎಲ್ಲಿ ತೆರೆಯಬೇಕು, ರೋಗಿಯನ್ನು ಎಚ್ಚರವಾಗಿಟ್ಟೇ ಆಪರೇಷನ್ ಮಾಡಬೇಕೇ ಎಂದು ಯೋಚಿಸಲು ಸರ್ಜನ್‌ಗೆ ಈ ನಕ್ಷೆ ಬೇಕು. ಕೊನೆಯ ತೀರ್ಮಾನ ಮಾತ್ರ ಆಪರೇಷನ್ ಟೇಬಲ್ಲಿನ ಮೇಲೆ: ಎಚ್ಚರವಿರುವ ರೋಗಿ ಚಿತ್ರ ನೋಡಿ ಹೆಸರು ಹೇಳುತ್ತಿರುವಾಗ ಮೆದುಳಿನ ಒಂದು ಬಿಂದುವಿಗೆ ಸಣ್ಣ ಕರೆಂಟು ತಾಗಿಸುತ್ತಾರೆ. ಮಾತು ತಡೆದರೆ ಆ ಜಾಗ ಮುಟ್ಟುವುದಿಲ್ಲ.

ಭಾಷೆಯ ಪ್ರಶ್ನೆ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಮುಂಬಯಿಯಲ್ಲಿ ಇದು ದಿನನಿತ್ಯದ ತೊಡಕು, ಆದರೂ ಫಾರ್ಮಿನಲ್ಲಿ ‘ಮಾತೃಭಾಷೆ’ ಎಂಬ ಒಂದು ಖಾನೆ ತುಂಬಿಸಿ ಮುಗಿಸುತ್ತಾರೆ. ಒಬ್ಬರ ಬೇರೆ ಬೇರೆ ಭಾಷೆಗಳು ಮೆದುಳಿನಲ್ಲಿ ಬಹುಪಾಲು ಒಂದೇ ಪ್ರದೇಶಗಳನ್ನು ಹಂಚಿಕೊಂಡಿರುತ್ತವೆ. ಪೂರ್ತಿ ಅಲ್ಲ. 1978ರಲ್ಲಿ ಓಜಮನ್ ಮತ್ತು ವಿಟೇಕರ್ ಎರಡು ಭಾಷೆ ಬಲ್ಲ ರೋಗಿಗಳ ಮೆದುಳಿಗೆ ಕರೆಂಟು ತಾಗಿಸಿ ನೋಡಿದಾಗ, ಕೆಲವು ಬಿಂದುಗಳಲ್ಲಿ ಒಂದು ಭಾಷೆಗೆ ತಡೆ ಬಂದು ಇನ್ನೊಂದಕ್ಕೆ ಬರಲಿಲ್ಲ. ಹಾಗಾಗಿ ತುಳು ಮತ್ತು ಮರಾಠಿ ಎರಡರಲ್ಲೂ ಮಾಡಿಸುವುದು ಒಳ್ಳೆಯದು: ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಹೆಂಡತಿ ಮಕ್ಕಳೊಂದಿಗಿನ ಬದುಕು. ಕೆಲಸ ಇಂಗ್ಲಿಷಿನಿಂದಲೇ ನಡೆಯುವುದಾದರೆ ಅದನ್ನೂ ಸೇರಿಸಲಿ. ಕನ್ನಡದ ಪದಗಳನ್ನು ಓದಿಸುವ ಪರೀಕ್ಷೆ ಅವರಿಗೆ ಬೇಡವೇ ಬೇಡ. ಅಕ್ಷರ ಬಾರದವರಿಗೆ ಪದ ತೋರಿಸಿದರೆ ಕಣ್ಣಿನ ಭಾಗ ಕೆಲಸ ಮಾಡುತ್ತದೆ, ಮಾತಿನ ಭಾಗ ಸುಮ್ಮನಿರುತ್ತದೆ, ರಿಪೋರ್ಟ್ ದಾರಿ ತಪ್ಪುತ್ತದೆ. ಚಿತ್ರ ತೋರಿಸುವುದು ಅಥವಾ ಕಿವಿಗೆ ಕೇಳಿಸುವುದು ಸರಿಯಾದ ದಾರಿ. ಇನ್ನು, ಅಷ್ಟಾಗಿ ಬಾರದ ಭಾಷೆಯಲ್ಲಿ ಹೆಚ್ಚು ಬಣ್ಣ ಬರುವುದುಂಟು, ತಿಣುಕಾಡಿದಷ್ಟೂ ರಕ್ತ ಹರಿಯುತ್ತದೆ. ಅದನ್ನು ನೋಡಿ ಆ ಭಾಷೆಯೇ ಗಟ್ಟಿ ಅಂದುಕೊಳ್ಳಬಾರದು.

ಪುಣೆಯ ವಿಷಯ ಬೇರೆ. 2008ರಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯದ ಕೊಲೆ ಪ್ರಕರಣವೊಂದರಲ್ಲಿ ಬಿಇಒಎಸ್ ಎಂಬ ಪರೀಕ್ಷೆಯ ಫಲಿತಾಂಶವೂ ಶಿಕ್ಷೆಗೆ ಆಧಾರಗಳಲ್ಲಿ ಒಂದಾಯಿತು. ಅದು ತಲೆಗೆ ತಂತಿ ಅಂಟಿಸಿ ವಿದ್ಯುತ್ ಅಲೆ ಅಳೆಯುವ ಇಇಜಿ ಜಾತಿಯದ್ದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಸಿ.ಆರ್. ಮುಕುಂದನ್ ರೂಪಿಸಿದ್ದು. ರಕ್ತಕ್ಕೂ ಎಂಆರ್‌ಐಗೂ ಅದಕ್ಕೂ ಸಂಬಂಧವಿಲ್ಲ. 2010ರಲ್ಲಿ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮೆದುಳಿನ ಅಲೆಯ ಪರೀಕ್ಷೆ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದಿತು. ನಿಮ್ಮ ತಮ್ಮನ ಸ್ಕ್ಯಾನ್ ಹೇಳುವುದು ಅವರು ಪದ ಹುಡುಕುವಾಗ ರಕ್ತ ಎಲ್ಲಿ ಏರಿತು ಎಂಬುದನ್ನಷ್ಟೇ. ಯಾವ ಪದ ಹುಡುಕಿದರು ಎಂಬುದೂ ನಮಗೆ ತಿಳಿಯುವುದಿಲ್ಲ. ಚಾಕು ತೋರಿಸಿದಾಗ ಅವರು ಲೋಕಲ್ ಟ್ರೇನಿನ ಟೈಮು ನೆನೆಯುತ್ತಿದ್ದರೂ ಗೊತ್ತಾಗದು. ನಮ್ಮ ಕಷ್ಟ ನಿಜವಾಗಿ ಅದೇ.

ಸ್ಕ್ಯಾನಿನ ದಿನಕ್ಕೆ: ಕಾಫಿ ಚಹಾದ ಕೆಫೀನ್ ಮೆದುಳಿನ ನಾಳಗಳನ್ನು ಬಿಗಿ ಮಾಡಿ ಸಿಗ್ನಲ್ ಬದಲಿಸುತ್ತದೆ. ಹಾಗೆಂದು ದಿನಾ ನಾಲ್ಕು ಕಪ್ ಕುಡಿಯುವವರು ಇದ್ದಕ್ಕಿದ್ದಂತೆ ಬಿಟ್ಟರೆ ತಲೆನೋವು ಶುರುವಾಗುತ್ತದೆ, ಆದ್ದರಿಂದ ಸೆಂಟರ್‌ನವರನ್ನು ಕೇಳಿ ಅವರು ಹೇಳಿದಂತೆ ಮಾಡಿ. ಫಿಟ್ಸ್‌ನ ಮಾತ್ರೆ ನಿಲ್ಲಿಸಬೇಡಿ. ಕನ್ನಡಕ ಇದ್ದರೆ ನಂಬರ್ ಮೊದಲೇ ತಿಳಿಸಿ, ಲೋಹವಿಲ್ಲದ ಕನ್ನಡಕ ಇಟ್ಟಿರುತ್ತಾರೆ. ಬಾಯಿ ಆಡಿಸದೆ ಪದ ನೆನೆಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ, ಅರ್ಧ ನಿಮಿಷ ಹೇಳುವುದು, ಅರ್ಧ ನಿಮಿಷ ಸುಮ್ಮನಿರುವುದು. ಮತ್ತೆ ನಿಮ್ಮಿಂದ ಆಗುವ ಒಂದು ಕೆಲಸ ಇದೆ. ತುಳುವಿನಲ್ಲಿ ಸಿದ್ಧ ಪರೀಕ್ಷೆ ಸೆಂಟರ್‌ನಲ್ಲಿ ಇರಲಾರದು. ತಮ್ಮನಿಗೆ ಚೆನ್ನಾಗಿ ಗೊತ್ತಿರುವ ದಿನಬಳಕೆಯ ವಸ್ತುಗಳ ಐವತ್ತು ಫೋಟೊ ಆರಿಸಿ, ಒಂದೊಂದಕ್ಕೂ ಮನೆಯಲ್ಲಿ ಹೇಳುವ ಹೆಸರನ್ನು ತುಳುವಿನಲ್ಲೂ ಮರಾಠಿಯಲ್ಲೂ ಬರೆದು, ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಎರಡು ದಿನ ಮೊದಲೇ ಕೊಡಿ. ಎಚ್ಚರದ ಆಪರೇಷನ್ ಎಂದಾದರೆ ಅದೇ ಪಟ್ಟಿ ಅಲ್ಲೂ ಬೇಕಾಗುತ್ತದೆ. ಅವರು ತುಳುವಿನಲ್ಲಿ ತಪ್ಪು ಪದ ಹೇಳಿದರೆ ತಪ್ಪು ಎಂದು ಗುರುತಿಸಲು ಆ ಕೋಣೆಯಲ್ಲಿ ಬೇರೆ ಯಾರಿಗೂ ತುಳು ಬಾರದಿರಬಹುದು.